ಲೀಟರ್ ಪೆಟ್ರೋಲಿಗೆ ಕೋಣೆ ತುಂಬ ಗಾಳಿ

ಮೇ ತಿಂಗಳ ಕೊನೆ. ಮಲ್ಲಂದೂರಿನ ಸುತ್ತಿನ ಗುಡ್ಡಗಳ ಮೇಲೆ ಮಧ್ಯಾಹ್ನವಾದರೆ ಸಾಕು, ಮೋಡ ಕವಿಯುತ್ತದೆ. ಇನ್ನು ವಾರ ಹತ್ತು ದಿನದಲ್ಲಿ ಮುಂಗಾರು ಹಿಡಿದುಕೊಂಡಿತೆಂದರೆ ಕಾಫಿ ತೋಟದಲ್ಲಿ ಔಷಧಿ ಹೊಡೆಯುವ ಮಾತೇ ಇಲ್ಲ. ಅಷ್ಟರೊಳಗೆ ಗಿಡದ ಎಲೆಗಳ ಅಡಿಭಾಗಕ್ಕೆ ಬೋರ್ಡೋ ದ್ರಾವಣ ಮುಟ್ಟಬೇಕು. ಮುಟ್ಟದಿದ್ದರೆ ಎಲೆತುಕ್ಕು, ಅದರ ಬೆನ್ನಿಗೇ, ಮಂಜು ಮುಸುಕಿದ ಜುಲೈ ತಿಂಗಳಲ್ಲಿ ಕೊಳೆರೋಗ.

ಬೆಳಿಗ್ಗೆಯೇ ಇನ್ನೂರು ಲೀಟರಿನ ಬ್ಯಾರೆಲ್ಲಿಗೆ ಒಂದು ಕಿಲೋ ಮೈಲುತುತ್ತ ಕರಗಿಸಿ, ಸುಣ್ಣ ಬೆರೆಸಿ, ಶೇ. 0.5ರ ದ್ರಾವಣ ಸಿದ್ಧವಾಗಿದೆ. ಇದನ್ನು ಆ ದಿನವೇ ಹೊಡೆದು ಮುಗಿಸಬೇಕು. ಮರುದಿನಕ್ಕೆ ಉಳಿಸಿದರೆ ಅದರ ಅಂಟು, ಗುಣ ಎರಡೂ ಹೋಗುತ್ತವೆ. ಆಳುಗಳು ಪೈಪು ಬಿಡಿಸಿಕೊಂಡು ನಿಂತಿದ್ದಾರೆ. ಪಂಪಿನ ಪೆಟ್ರೋಲ್ ಎಂಜಿನ್ನಿನ ಹಗ್ಗವನ್ನು ಒಬ್ಬರಾದ ಮೇಲೊಬ್ಬರು ಎಳೆಯುತ್ತಿದ್ದಾರೆ. ಎಂಜಿನ್ ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿಯೇ ಇದೆ. ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಆದರೆ ಟ್ಯಾಂಕಿನ ಪೆಟ್ರೋಲು ಸಿಲಿಂಡರಿನೊಳಗೆ ಹೋಗುವ ದಾರಿಯಲ್ಲಿ, ಹೊಲಿಗೆ ಸೂಜಿಯೂ ತೂರದಷ್ಟು ಸಣ್ಣ ಕಿಂಡಿಯೊಂದರಲ್ಲಿ, ಕಳೆದ ವರ್ಷದ ಪೆಟ್ರೋಲು ಒಣಗಿ ಅಂಟಾಗಿ ಕೂತಿದೆ.

ಎಂಜಿನ್ನನ್ನು ಜೀಪಿಗೆ ಹೇರಿ ಚಿಕ್ಕಮಗಳೂರಿಗೆ ಒಯ್ದರೆ ಅಂದಿನ ಕೂಲಿ, ಅಂದಿನ ಔಷಧಿ, ಅಂದಿನ ಬಿಸಿಲು ಮೂರೂ ಹಾಳು. ಇಂಥ ಬೆಳಗನ್ನು ಕಾಣದ ತೋಟ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಅಪರೂಪವೇ. ಆಗ ಮನೆಯಲ್ಲೇ ಇರುವ ಹೈಸ್ಕೂಲು ಹುಡುಗನೋ ಹುಡುಗಿಯೋ ನಾಲ್ಕು ಸ್ಕ್ರೂ ಬಿಚ್ಚಿ, ಆ ಕಿಂಡಿಯನ್ನು ಹುಡುಕಿ, ಊದಿ ಶುಚಿ ಮಾಡಬಲ್ಲರಾದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯ ಹಿಂದಿನ ತಿಳಿವಳಿಕೆ ಮಾತ್ರ ಕೈಯಲ್ಲಿ ಒಂದು ಕಾರ್ಬ್ಯುರೇಟರನ್ನು ತಾನೇ ಮಾಡಿ ನೋಡಿದವರಿಗೆ ಬರುವಷ್ಟು ಚೆನ್ನಾಗಿ ಬೇರೆಯವರಿಗೆ ಬರುವುದಿಲ್ಲ.

ಕಾರ್ಬ್ಯುರೇಟರ್ ಮಾಡುವುದೆ? ಹೌದು. ಪ್ರಪಂಚದ ನಾನಾ ಕಡೆ ಹವ್ಯಾಸಿಗಳು ಅಂಗೈ ಮೇಲೆ ಕೂರುವ ಮಾದರಿ ಪೆಟ್ರೋಲ್ ಎಂಜಿನ್ನುಗಳನ್ನು ಕಟ್ಟುತ್ತಾರೆ, ಅವಕ್ಕೆ ಹೆಬ್ಬೆರಳ ಗಾತ್ರದ ಕಾರ್ಬ್ಯುರೇಟರುಗಳನ್ನೂ ಕಟ್ಟುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ‘ಕಾರ್ಬೇಟರ್’ ಆಗಿರುವ ಈ ಸಾಮಾನು ಮೋಟಾರು ಯುಗದ ಅತ್ಯಂತ ಜಾಣ ಉಪಕರಣಗಳಲ್ಲೊಂದು. ಅದರಲ್ಲಿ ತಂತಿಯಿಲ್ಲ, ಬ್ಯಾಟರಿಯಿಲ್ಲ, ಲೆಕ್ಕ ಹಾಕುವ ಚಿಪ್ಪಿಲ್ಲ. ಆದರೂ ಎಂಜಿನ್ ಎಷ್ಟು ಗಾಳಿ ಸೇದಿತೋ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ತಾನೇ ಅಳೆದು ಬಡಿಸುತ್ತದೆ.

ಹದಿನಾಲ್ಕು ಚಿಲ್ಲರೆ ಪಾಲು

ಪೆಟ್ರೋಲು ತಾನಾಗಿ ಉರಿಯುವುದಿಲ್ಲ, ಗಾಳಿಯ ಜೊತೆ ಸೇರಿದ ಅದರ ಆವಿ ಉರಿಯುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಹೆಚ್ಚು ಕಡಿಮೆ 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದು ದೊಡ್ಡದೆನಿಸದು, ಗಾತ್ರದಲ್ಲಿ ನೋಡಿ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾದ ಗಾಳಿ ಸುಮಾರು 10.9 ಕಿಲೋ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಕಾಫಿ ಸೀಮೆಯಲ್ಲಿ ಅಷ್ಟು ಗಾಳಿಗೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಒಂದು ಕೋಣೆಯೇ ಬೇಕು. ಹತ್ತು ಸಾವಿರ ಲೀಟರ್ ಗಾಳಿ, ಒಂದು ಲೀಟರ್ ಪೆಟ್ರೋಲು!

ಈ ಹದ ತಪ್ಪಿದರೆ ಎಂಜಿನ್ ಮುನಿಯುತ್ತದೆ. ಪೆಟ್ರೋಲು ಹೆಚ್ಚಾದರೆ ಕಪ್ಪು ಹೊಗೆ, ಒದ್ದೆ ಪ್ಲಗ್, ದಂಡ ಖರ್ಚು. ಕಡಿಮೆಯಾದರೆ ಎಂಜಿನ್ ವಿಪರೀತ ಕಾದು, ಕಾರ್ಬ್ಯುರೇಟರಿನ ಬಾಯಿಂದಲೇ ‘ಫಟ್’ ಎಂದು ಸೀನುತ್ತದೆ. ತುಂಬಾ ಹೊತ್ತು ಹಾಗೆ ಓಡಿಸಿದರೆ ಎರಡು ಸ್ಟ್ರೋಕಿನ ಎಂಜಿನ್ನಿನ ಪಿಸ್ಟನ್ ಹಿಡಿದುಕೊಳ್ಳುವುದೂ ಉಂಟು.

ಬೆರೆಸುವ ಉಪಾಯ ಮಾತ್ರ ಮಕ್ಕಳಾಟದಷ್ಟು ಸರಳ. ಒಂದು ಲೋಟ ನೀರಿನಲ್ಲಿ ಎಳನೀರಿನ ಸ್ಟ್ರಾ ಒಂದನ್ನು ನೆಟ್ಟಗೆ ನಿಲ್ಲಿಸಿ, ನೀರಿನ ಮೇಲೆ ಒಂದು ಸೆಂಟಿಮೀಟರ್ ಉಳಿಯುವಂತೆ ಕತ್ತರಿಸಿ. ಇನ್ನೊಂದು ಸ್ಟ್ರಾವನ್ನು ಅಡ್ಡಲಾಗಿ ಹಿಡಿದು, ಮೊದಲನೆಯದರ ತುದಿಯ ಮೇಲಿಂದ ಜೋರಾಗಿ ಊದಿ. ನೀರು ತಾನಾಗಿ ಮೇಲೇರಿ ತುಂತುರಾಗಿ ಹಾರುತ್ತದೆ. ಸೊಳ್ಳೆ ಔಷಧಿ ಹೊಡೆಯುವ ಹಳೆಯ ತಗಡಿನ ಕೈಪಂಪು ನೆನಪಿದ್ದವರಿಗೆ ಇದು ಹೊಸದಲ್ಲ. ಕಾರ್ಬ್ಯುರೇಟರಿನಲ್ಲಿ ಊದುವವರು ಯಾರೂ ಇಲ್ಲ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಸೇದುತ್ತದೆ, ಆ ಗಾಳಿ ಕಿರಿದಾದ ಕುತ್ತಿಗೆಯೊಂದರ ಮೂಲಕ ನುಗ್ಗುವಾಗ ಅದರ ವೇಗ ಏರಿ ಒತ್ತಡ ಇಳಿಯುತ್ತದೆ. ಅಲ್ಲಿಗೇ ಪೆಟ್ರೋಲಿನ ಕಿಂಡಿ ತೆರೆದಿಟ್ಟರೆ ಆಯಿತು. ವೇಗ ಏರಿದಲ್ಲಿ ಒತ್ತಡ ಇಳಿಯುತ್ತದೆಂಬುದನ್ನು ಡೇನಿಯಲ್ ಬರ್ನೌಲಿ 1738ರಲ್ಲೇ ಬರೆದಿದ್ದ. ಕಿರಿದಾದ ಕುತ್ತಿಗೆಗೆ ಇಟಲಿಯ ವೆಂಟುರಿಯ ಹೆಸರು ಅಂಟಿಕೊಂಡಿತು. ಮೋಟಾರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರಿಬ್ಬರೂ ತೀರಿಹೋಗಿದ್ದರು.

ಹ್ಯಾಟಿನ ಪಿನ್ನು, ಹೂವಾಡಗಿತ್ತಿಯ ತುಂತುರು

ಕಾರ್ಲ್ ಬೆಂಝ್‌ನ ಮೊದಲ ಗಾಡಿಯಲ್ಲಿ ಈ ತುಂತುರು ಇರಲಿಲ್ಲ. ಗಾಳಿಯನ್ನು ಪೆಟ್ರೋಲಿನಂಥ ದ್ರವದ ಮೈಮೇಲಿಂದ ಹಾಯಿಸಿ, ಎದ್ದ ಆವಿಯನ್ನೇ ಎಂಜಿನ್ನಿಗೆ ಕೊಡುವ ಏರ್ಪಾಡಿತ್ತು. 1888ರಲ್ಲಿ ಅವನ ಹೆಂಡತಿ ಬರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಅವಳು ಬಳಸಿದ್ದು ತನ್ನ ಹ್ಯಾಟಿನ ಪಿನ್ನು. ಇಂಧನ ತೀರಿದಾಗ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಪ್ರಪಂಚದ ಮೊದಲ ದೂರ ಪ್ರಯಾಣದ ಮೆಕ್ಯಾನಿಕ್ ಮನೆಯೊಡತಿಯೊಬ್ಬಳು ಎಂಬುದನ್ನು ‘ಹುಡುಗಿಗೇಕೆ ಸ್ಪ್ಯಾನರ್’ ಎನ್ನುವವರು ಗಮನಿಸಬೇಕು.

ತುಂತುರಿನ ಕಾರ್ಬ್ಯುರೇಟರ್ ಬಂದದ್ದು 1893ರಲ್ಲಿ. ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಅದಕ್ಕೆ ಹೆಸರಾದರೂ, ಅದೇ ವರ್ಷ ಕೆಲವು ತಿಂಗಳು ಮೊದಲೇ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವವಳು ಬಾಯಿಂದ ಕೊಳವೆ ಊದಿ ಹೂಗಳಿಗೆ ನೀರು ಚಿಮುಕಿಸುತ್ತಿದ್ದುದನ್ನು ನೋಡಿ ಅವರಿಗೆ ಉಪಾಯ ಹೊಳೆಯಿತೆಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ಮೇಲಿನ ಸ್ಟ್ರಾ ಪ್ರಯೋಗ ಮಾಡಿದವರಿಗೆ ನಂಬಲು ಕಷ್ಟವಾಗದು.

ನಮ್ಮಲ್ಲಿಗೆ ಬಂದರೆ, ಒಂದು ತಲೆಮಾರಿನ ಕನ್ನಡದ ಹುಡುಗರಿಗೆ ಕಾರ್ಬ್ಯುರೇಟರಿನ ಪಾಠ ಹೇಳಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು. 1961ರಿಂದ 1996ರವರೆಗೆ ಅಲ್ಲಿಂದ ಹೊರಟ ಜಾವಾ, ಯೆಜ್ಡಿಗಳು ಮಲೆನಾಡಿನ ಏರುಗಳನ್ನೆಲ್ಲ ಹತ್ತಿದವು. ಮಳೆಯಲ್ಲಿ ಕೆಟ್ಟು ನಿಂತಾಗ ಬಸ್ ಸ್ಟ್ಯಾಂಡಿನ ಶೆಡ್ಡಿನಲ್ಲಿ ಕೂತು ಜೆಟ್ ಬಿಚ್ಚಿ ಊದದ ಯೆಜ್ಡಿ ಸವಾರನಿಲ್ಲ.

ಹಿತ್ತಾಳೆಯ ತುಂಡೊಂದು ಕಾರ್ಬ್ಯುರೇಟರ್ ಆಗುವ ಬಗೆ

ಸಿಲಿಂಡರಿನ ಒಳ ಅಳತೆ 25 ಮಿಲಿಮೀಟರ್, ಪಿಸ್ಟನ್ನಿನ ಓಡಾಟವೂ 25 ಮಿಲಿಮೀಟರ್ ಇರುವ ನಾಲ್ಕು ಸ್ಟ್ರೋಕಿನ ಮಾದರಿ ಎಂಜಿನ್ ಒಂದನ್ನು ಇಟ್ಟುಕೊಳ್ಳಿ. ಅದರ ಹೊಟ್ಟೆ ಸುಮಾರು 12 ಸಿ.ಸಿ. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಅದು 1,000 ಸಲ ಉಸಿರೆಳೆಯುತ್ತದೆ. ಸಾವಿರ ಉಸಿರಿಗೂ ಸೇರಿ ಬೇಕಾದ ಪೆಟ್ರೋಲು ಒಂದೂಕಾಲು ಮಿಲಿಲೀಟರ್ ಮಾತ್ರ. ಅಂದರೆ ಒಂದು ಉಸಿರಿಗೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಪಾಲನ್ನು ಅಳೆದು ಕೊಡುವ ನಲ್ಲಿಯನ್ನು ಕೈಯಲ್ಲಿ ಮಾಡಬೇಕು.

ಸಾಮಾನು ಹೆಚ್ಚೇನೂ ಬೇಡ. 12 ಮಿಲಿಮೀಟರ್ ಚೌಕದ ಹಿತ್ತಾಳೆ ಸರಳಿನ ಒಂದೂಕಾಲು ಇಂಚಿನ ತುಂಡು, 8 ಮಿಲಿಮೀಟರಿನ ದುಂಡು ಹಿತ್ತಾಳೆ ಸರಳು, ಒಳ ರಂಧ್ರ 0.8 ಮಿಲಿಮೀಟರ್ ಇರುವ ಸಣ್ಣ ಹಿತ್ತಾಳೆ ಕೊಳವೆ, 3 ಮಿಲಿಮೀಟರಿನ ಒಂದು ಉದ್ದ ಸ್ಕ್ರೂ, ಬಾಲ್‌ಪೆನ್ನಿನ ಸ್ಪ್ರಿಂಗು ಮತ್ತು ಅಮ್ಮನ ಡಬ್ಬಿಯಿಂದ ಕೇಳಿ ಪಡೆದ ಒಂದು ದಪ್ಪ ಹೊಲಿಗೆ ಸೂಜಿ. ಲೇತ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳ್ಳೆಯ ಡ್ರಿಲ್ಲಿಂಗ್ ಸ್ಟ್ಯಾಂಡು, ಅರ, ತಾಳ್ಮೆ ಸಾಕು.

ಮೊದಲು ಚೌಕದ ತುಂಡಿಗೆ, ಒಂದು ತುದಿಗೆ ಹತ್ತಿರದಲ್ಲಿ, ಅಡ್ಡಲಾಗಿ 8 ಮಿಲಿಮೀಟರ್ ತೂತು. ಅದರೊಳಗೆ ದುಂಡು ಸರಳು ಬಿಗಿಯಾಗಿ, ಆದರೆ ಬೆರಳಿನಿಂದ ತಿರುಗುವಂತೆ ಕೂರಬೇಕು. ಇದೇ ಥ್ರಾಟಲ್. ಈಗ ಸರಳನ್ನು ಅಲ್ಲೇ ಬಿಟ್ಟು, ಅಲುಗದಂತೆ ಹಿಡಿದು, ತುಂಡಿನ ಉದ್ದಕ್ಕೂ 5 ಮಿಲಿಮೀಟರಿನ ಗಾಳಿದಾರಿ ಕೊರೆಯಬೇಕು. ತುಂಡು, ಸರಳು ಎರಡರಲ್ಲೂ ಒಟ್ಟಿಗೇ ತೂತು ಬೀಳುವುದರಿಂದ ಎರಡೂ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತವೆ. ಬೇರೆ ಬೇರೆ ಕೊರೆದು ಆಮೇಲೆ ಸೇರಿಸುತ್ತೇನೆಂದು ಹೊರಟವರು ಎರಡನೆಯ ತುಂಡು ಕೊಳ್ಳಲು ಅಂಗಡಿಗೆ ಹೋಗಬೇಕಾಗುತ್ತದೆ. ಸರಳನ್ನು ತಿರುಗಿಸಿದರೆ ದಾರಿ ಮುಚ್ಚುತ್ತದೆ, ತೆರೆಯುತ್ತದೆ. ಥ್ರಾಟಲ್ ಇರುವ ತುದಿ ಎಂಜಿನ್ನಿನ ಕಡೆಗೆ. ಇನ್ನೊಂದು ತುದಿ ಗಾಳಿ ಬರುವ ಬಾಯಿ. ಅದನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಸವರಿ ತುತ್ತೂರಿಯ ಬಾಯಿಯಂತೆ ಅಗಲಿಸಬೇಕು.

ಬಾಯಿಗೂ ಥ್ರಾಟಲ್ಲಿಗೂ ನಡುವೆ ಜೆಟ್ಟಿನ ಜಾಗ. ಕೆಳಗಿನಿಂದ ಸಣ್ಣ ಕೊಳವೆ ಬಂದು ಗಾಳಿದಾರಿಯೊಳಗೆ ಒಂದು ಮಿಲಿಮೀಟರ್ ತಲೆಯೆತ್ತಿ ನಿಲ್ಲುತ್ತದೆ. ಅದರ ನೇರಕ್ಕೆ ಮೇಲಿನಿಂದ 3 ಮಿಲಿಮೀಟರಿನ ಸ್ಕ್ರೂ ಇಳಿಯುತ್ತದೆ. ಆ ಸ್ಕ್ರೂವಿನ ತುದಿಗೆ ಸಣ್ಣ ತೂತು ಕೊರೆದು ಸೂಜಿಯನ್ನು ಬೆಸುಗೆ ಹಾಕಬೇಕು, ಚೂಪು ತುದಿ ಕೆಳಗೆ. ಸ್ಕ್ರೂ ತಿರುಗಿಸಿದಂತೆ ಸೂಜಿ ಜೆಟ್ಟಿನ ರಂಧ್ರದೊಳಗೆ ಇಳಿಯುತ್ತದೆ, ಏಳುತ್ತದೆ. ತಲೆಯಡಿಯ ಸ್ಪ್ರಿಂಗು, ಎಂಜಿನ್ನಿನ ನಡುಕಕ್ಕೆ ಸ್ಕ್ರೂ ತಾನಾಗಿ ತಿರುಗದಂತೆ ಹಿಡಿಯುತ್ತದೆ.

ಇಲ್ಲಿಯ ಲೆಕ್ಕ ಸ್ವಾರಸ್ಯವಾಗಿದೆ. 3 ಮಿಲಿಮೀಟರಿನ ಸಾಮಾನ್ಯ ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಚಲಿಸುತ್ತದೆ. ಸೂಜಿಯ ಮೊನೆ ಹತ್ತು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರಿನಂತೆ ಸಪುರವಾಗುತ್ತದೆ ಎನ್ನಿ. ಆಗ ಒಂದು ಸುತ್ತಿಗೆ ರಂಧ್ರದಲ್ಲಿ ಕೂತ ಸೂಜಿಯ ದಪ್ಪ ಬದಲಾಗುವುದು 0.05 ಮಿಲಿಮೀಟರ್. ಅರೆಕಾಲು ಸುತ್ತಿಗೆ, ಅಂದರೆ ಸುತ್ತಿನ ಎಂಟನೆಯ ಒಂದು ಪಾಲಿಗೆ, ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿನ ಆಸುಪಾಸು. ಅಡುಗೆಮನೆಯ ಸೂಜಿ, ಅಂಗಡಿಯ ಸ್ಕ್ರೂ ಎರಡೂ ಸೇರಿ ಇಷ್ಟು ನವಿರಾಗಿ ಅಳೆಯುತ್ತವೆ!

ಪೆಟ್ರೋಲಿನ ಮಟ್ಟ ಜೆಟ್ಟಿನ ತುದಿಗಿಂತ ಎಷ್ಟು ಕೆಳಗಿರಬೇಕು? ಹೊಸಬರು ಎಡವುವುದು ಇಲ್ಲಿಯೇ. 2,000 ಸುತ್ತಿನಲ್ಲಿ ನಮ್ಮ ಐದು ಮಿಲಿಮೀಟರಿನ ದಾರಿಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಆ ವೇಗದ ಸೆಳೆತ ಪೆಟ್ರೋಲನ್ನು 13–14 ಸೆಂಟಿಮೀಟರಿನಷ್ಟು ಎತ್ತಬಲ್ಲುದು. ಜೆಟ್ಟೂ ಸೂಜಿಯೂ ದಾರಿಗೆ ಅಡ್ಡ ನಿಂತಿರುವುದರಿಂದ ನಿಜವಾದ ಸೆಳೆತ ಇನ್ನೂ ಹೆಚ್ಚು. ಆದರೆ ಸ್ಟಾರ್ಟ್ ಮಾಡುವಾಗ ಕೈಯಲ್ಲಿ ತಿರುಗಿಸುತ್ತೇವಲ್ಲ, ಆಗ ಸಿಗುವುದು ಹೆಚ್ಚೆಂದರೆ 200 ಸುತ್ತು. ಗಾಳಿಯ ವೇಗ ಹತ್ತರಲ್ಲೊಂದಾಯಿತು. ಸೆಳೆತ ಹತ್ತರಲ್ಲೊಂದಾಗುವುದಿಲ್ಲ, ನೂರರಲ್ಲೊಂದಾಗುತ್ತದೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹದಿನಾಲ್ಕು ಸೆಂಟಿಮೀಟರ್ ಇದ್ದದ್ದು ಒಂದೂವರೆ ಮಿಲಿಮೀಟರಿಗೂ ಕಡಿಮೆ. ಎಂಟನೆಯ, ಒಂಬತ್ತನೆಯ ತರಗತಿಯ ‘ವರ್ಗ’ ಎಂಬ ಪಾಠ ಹಗ್ಗ ಎಳೆದು ಸೋತ ತೋಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾಗಿಯೇ ಪೆಟ್ರೋಲಿನ ಮಟ್ಟವನ್ನು ಜೆಟ್ಟಿಗಿಂತ ನಾಲ್ಕೈದು ಮಿಲಿಮೀಟರ್ ಮಾತ್ರ ಕೆಳಗಿಡುತ್ತಾರೆ. ಮೇಲಿಟ್ಟರೆ ನಿಂತ ಎಂಜಿನ್ನಿನೊಳಗೆ ಸೋರುತ್ತದೆ. ಹಾಗಾಗಿಯೇ ಚೋಕ್ ಎಂಬುದೂ ಇದೆ: ಗಾಳಿ ಬರುವ ಬಾಯಿಯನ್ನು ಮುಚ್ಚಿದರೆ ಪಿಸ್ಟನ್ನಿನ ಸೆಳೆತವೆಲ್ಲ ಪೆಟ್ರೋಲಿನ ಮೇಲೆ ಬೀಳುತ್ತದೆ. ನಮ್ಮ ಪುಟ್ಟ ಎಂಜಿನ್ನಿಗೆ ಬೆರಳೇ ಚೋಕ್. ಸ್ಕೂಟರಿನಲ್ಲಿ ಇದೇ ಮಟ್ಟ ಕಾಯುವ ಕೆಲಸಕ್ಕೆ ಬಟ್ಟಲೂ ಅದರಲ್ಲಿ ತೇಲುವ ಫ್ಲೋಟೂ ಇವೆ. ಮಾದರಿ ಎಂಜಿನ್ನಿನಲ್ಲಿ ಅಗಲವಾದ, ಆಳ ಕಡಿಮೆಯ ಟ್ಯಾಂಕ್ ಇಟ್ಟರೆ ಮಟ್ಟ ಬೇಗ ಇಳಿಯುವುದಿಲ್ಲ. ಟ್ಯಾಂಕ್ ಕೆಳಗೇ ಇರಬೇಕೆಂದರೆ ಕೊಳವೆಯ ತಳದಲ್ಲಿ ಬೇರಿಂಗಿನ 3 ಮಿಲಿಮೀಟರ್ ಗುಂಡೊಂದನ್ನು ಕೂರಿಸಿ, ಏರಿದ ಪೆಟ್ರೋಲು ಹಿಂದಿಳಿಯದಂತೆ ತಡೆಯುತ್ತಾರೆ.

ಮೊದಲ ಪರೀಕ್ಷೆಗೆ ಪೆಟ್ರೋಲು ಬೇಡವೇ ಬೇಡ. ಟ್ಯಾಂಕಿಗೆ ನೀರು ಹಾಕಿ, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ ತುಂತುರು ಬರುತ್ತದೆಯೇ ನೋಡುವುದು. ಸೂಜಿಯನ್ನು ಪೂರ್ತಿ ಇಳಿಸಿದಾಗ ನಿಲ್ಲಬೇಕು, ಎತ್ತಿದಂತೆ ಹೆಚ್ಚಬೇಕು. ಹೆಚ್ಚುವಾಗ ಒಮ್ಮೆಲೇ ಧಾರೆಯಾದರೆ ಸೂಜಿ ಓರೆಯಾಗಿ ಕೂತಿದೆ ಎಂದರ್ಥ. ಬೆಸುಗೆ ಬಿಡಿಸಿ ಮತ್ತೆ ಕೂರಿಸಬೇಕು. ದಾರಿ ಬೇರೆ ಇಲ್ಲ. ಕೊನೆಗೆ ಎಂಜಿನ್ನಿಗೆ ಜೋಡಿಸುವಲ್ಲಿ ಗ್ಯಾಸ್ಕೆಟ್ ಇಟ್ಟು, ಸಂದಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಬೇಕು. ಜೆಟ್ಟಿನ ಆಚೆ ಗಾಳಿ ಕದ್ದು ಒಳನುಸುಳಿದರೆ ಎಷ್ಟು ತಿರುಗಿಸಿದರೂ ಹದ ಸಿಗದು.

ಕಿವಿಯಿಂದ ಹದ ನೋಡುವುದು

ಹದ ಕೂರಿಸುವುದು ಪುಸ್ತಕದಿಂದ ಅರ್ಧ, ಕಿವಿಯಿಂದ ಅರ್ಧ. ಸೂಜಿಯನ್ನು ಮೆಲ್ಲಗೆ ಪೂರ್ತಿ ಮುಚ್ಚಿ (ಬಿಗಿದರೆ ಮೊನೆ ಮುರಿದು ಜೆಟ್ ಹಾಳು) ಒಂದೂವರೆ ಸುತ್ತು ತೆರೆಯಬೇಕು. ಬಾಯಿಗೆ ಬೆರಳು ಮುಚ್ಚಿ ಎರಡು ಸುತ್ತು ತಿರುಗಿಸಿ, ಬೆರಳು ತೆಗೆದು ಸ್ಟಾರ್ಟ್ ಮಾಡಬೇಕು. ಎಂಜಿನ್ ಹಿಡಿದುಕೊಂಡ ಮೇಲೆ ಕೂಡಲೇ ಸ್ಕ್ರೂವಿಗೆ ಕೈಹಾಕುವುದು ಎಲ್ಲರೂ ಮಾಡುವ ತಪ್ಪು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಆಗ ಸರಿ ಎನಿಸಿದ ಹದ ಬಿಸಿಯಾದ ಮೇಲೆ ಹೆಚ್ಚಾಗಿರುತ್ತದೆ. ಎರಡು ಮೂರು ನಿಮಿಷ ಓಡಲಿ.

ಆಮೇಲೆ ಥ್ರಾಟಲ್ ಪೂರ್ತಿ ತೆರೆದು, ಸೂಜಿಯನ್ನು ಅರೆಕಾಲು ಸುತ್ತಿನಂತೆ ಇಳಿಸುತ್ತ ಹೋಗಬೇಕು. ಪ್ರತಿ ಸಲವೂ ಹತ್ತು ಎಣಿಸುವಷ್ಟು ಕಾಯಬೇಕು. ಎಂಜಿನ್ನಿನ ದನಿ ಮೊದಲು ಭಾರವಾಗಿರುತ್ತದೆ, ಮತ್ತೆ ಹಗುರಾಗಿ ಓಟ ಹೆಚ್ಚುತ್ತದೆ, ಒಂದು ಘಟ್ಟ ದಾಟಿದ ಮೇಲೆ ಬಿಕ್ಕಳಿಸತೊಡಗುತ್ತದೆ. ಬಿಕ್ಕಳಿಸಿದಲ್ಲಿಂದ ಅರೆಕಾಲು ಸುತ್ತು ಹಿಂದಕ್ಕೆ ತೆರೆದು ಬಿಟ್ಟುಬಿಡಬೇಕು. ಅತಿ ಹೆಚ್ಚು ಓಟದ ಬಿಂದುವಿಗಿಂತ ತುಸು ಪೆಟ್ರೋಲು ಹೆಚ್ಚಿರುವ ಈ ಜಾಗವೇ ಎಂಜಿನ್ನಿನ ಆಯುಷ್ಯಕ್ಕೆ ಒಳ್ಳೆಯದು. ಔಷಧಿ ಹೊಡೆಯುವ ಎಂಜಿನ್ನಿಗೂ, ಕಳೆ ಕತ್ತರಿಸುವ ಯಂತ್ರದಲ್ಲಿ ಹದದ ಸ್ಕ್ರೂ ಇದ್ದರೆ ಅದಕ್ಕೂ ಇದೇ ಕ್ರಮ. ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂರನ್ನು ಒಟ್ಟಿಗೆ ತಿರುಗಿಸಿದವನಿಗೆ ಎಂಜಿನ್ ಸರಿಯಾದರೂ ಏಕೆ ಸರಿಯಾಯಿತೆಂದು ತಿಳಿಯುವುದಿಲ್ಲ.

ಪ್ಲಗ್ ಬಿಚ್ಚಿದರೆ ಅದೂ ಮಾತಾಡುತ್ತದೆ. ಮಸಿ ಹಿಡಿದು ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಚಿದ್ದರೆ ಕಡಿಮೆ. ತೆಳುವಾಗಿ ಹುರಿದ ಕಾಫಿ ಬೀಜದ ಬಣ್ಣ ಸರಿಯಾದ ಬಣ್ಣ. ಮಲೆನಾಡಿನವರಿಗೆ ಇದಕ್ಕಿಂತ ಸುಲಭದ ಗುರುತು ಬೇಕೆ?

ಈ ಸರಳ ಕಾರ್ಬ್ಯುರೇಟರಿಗೆ ಒಂದು ಕುಂದಿದೆ. ಥ್ರಾಟಲ್ ಮುಚ್ಚಿ ನಿಧಾನಗೊಳಿಸಿದರೆ ಜೆಟ್ಟಿನ ಬಳಿ ಗಾಳಿಯ ವೇಗ ಕುಸಿದು ಪೆಟ್ರೋಲೇ ಏಳುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಬೈಕಿನ ಕಾರ್ಬ್ಯುರೇಟರಿನಲ್ಲಿ ಐಡಲ್ಲಿಗೆಂದೇ ಬೇರೆ ಪುಟ್ಟ ಪೈಲಟ್ ಜೆಟ್ ಇರುವುದು ಈ ಕಾರಣಕ್ಕೆ. ಅದರ ಕಿಂಡಿ ಥ್ರಾಟಲ್ಲಿನ ಅಂಚಿನಲ್ಲಿ, ಸೆಳೆತ ಹೆಚ್ಚಿರುವಲ್ಲಿ ತೆರೆಯುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ನೂರು ವರ್ಷಗಳ ಹಿಂದೆ ನೀರೆತ್ತುವುದಕ್ಕೂ ಕಾಳು ಬೀಸುವುದಕ್ಕೂ ಬಳಸುತ್ತಿದ್ದ ಎಂಜಿನ್ನುಗಳು ಇದನ್ನು ಬೇರೆ ರೀತಿ ನಿಭಾಯಿಸಿದವು. ಅವು ಓಟ ಹೆಚ್ಚಾದಾಗ ಹೊಗೆಯ ವಾಲ್ವನ್ನು ತೆರೆದೇ ಹಿಡಿದು ಒಂದಷ್ಟು ಸುತ್ತು ಕಿಡಿ ತಪ್ಪಿಸುತ್ತಿದ್ದವು, ಓಟ ಇಳಿದಾಗ ಮತ್ತೆ ಒಂದು ಏಟು. ಥ್ರಾಟಲ್ಲೇ ಬೇಡ. ಹವ್ಯಾಸಿಗಳು ಈಗಲೂ ಹೆಚ್ಚು ಇಷ್ಟಪಟ್ಟು ಕಟ್ಟುವುದು ಇಂಥದರ ಪುಟ್ಟ ಮಾದರಿಗಳನ್ನೇ.

ಗುಡ್ಡ, ಮಳೆ, ಎಥೆನಾಲ್

ಕಾಫಿ ಸೀಮೆಯ ಎಂಜಿನ್ನುಗಳಿಗೆ ಬಯಲುಸೀಮೆಯಲ್ಲಿಲ್ಲದ ಮೂರು ತೊಂದರೆ. ಮೊದಲನೆಯದು ಎತ್ತರ. ಸಾವಿರ ಮೀಟರ್ ಏರಿದರೆ ಗಾಳಿ ಹತ್ತರಲ್ಲೊಂದು ಪಾಲು ತೆಳುವಾಗುತ್ತದೆ, 1,930 ಮೀಟರಿನ ಮುಳ್ಳಯ್ಯನಗಿರಿಯ ತಲೆಯ ಮೇಲೆ ಹೆಚ್ಚು ಕಡಿಮೆ ಆರರಲ್ಲೊಂದು. ಗಾಳಿ ತೆಳುವಾದಷ್ಟು ಪೆಟ್ರೋಲು ಕಡಿಮೆಯಾಗುವುದಿಲ್ಲವಾದ್ದರಿಂದ, ಕರಾವಳಿಯಲ್ಲಿ ಹದ ಕೂರಿಸಿದ ಕಾರ್ಬ್ಯುರೇಟರ್ ಮಲ್ಲಂದೂರಿನಲ್ಲಿ ಶೇ. 5ರಷ್ಟು, ಗಿರಿಯ ಮೇಲೆ ಶೇ. 10ರಷ್ಟು ಹೆಚ್ಚೇ ಪೆಟ್ರೋಲು ಬಡಿಸುತ್ತದೆ.

ಎರಡನೆಯದು ಎಥೆನಾಲ್. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವುದು ರೂಢಿಗೆ ಬಂತು. ಎಥೆನಾಲಿನೊಳಗೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾದ ಗಾಳಿ ಒಂದಕ್ಕೆ ಒಂಬತ್ತು ಪಾಲು ಮಾತ್ರ. ಬರೀ ಪೆಟ್ರೋಲಿಗೆ ಹದ ಕೂರಿಸಿದ ಹಳೆಯ ಕಾರ್ಬ್ಯುರೇಟರಿನಲ್ಲಿ ಈ ಮಿಶ್ರಣ ಹಾಕಿದರೆ ಇಂಧನ ಕಡಿಮೆ ಬಿದ್ದಂತಾಗುತ್ತದೆ. ವಿಚಿತ್ರವೆಂದರೆ ಎತ್ತರ ಹೆಚ್ಚಿಸಿದ್ದನ್ನು ಎಥೆನಾಲ್ ಇಳಿಸಿ, ಕಾಫಿ ಗುಡ್ಡಗಳಲ್ಲಿ ಎರಡೂ ಸ್ವಲ್ಪ ಮಟ್ಟಿಗೆ ಸರಿದೂಗುತ್ತವೆ! ಆದರೆ ಎಥೆನಾಲಿಗೆ ನೀರಿನ ಮೋಹ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ ಊರಿನಲ್ಲಿ ಅರ್ಧ ತುಂಬಿದ ಟ್ಯಾಂಕು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಬೇರೆಯಾಗಿ ತಳಕ್ಕಿಳಿಯುತ್ತವೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಅದು ಮೊದಲು ತಿನ್ನುವುದು ಹಳೆಯ ರಬ್ಬರನ್ನು, ಆಮೇಲೆ ಲೋಹವನ್ನು. ಆದ್ದರಿಂದ ಮಳೆಗೆ ಮುಂಚಿನ ಔಷಧಿ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಬಟ್ಟಲಿನದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಇಡಬೇಕು.

ಮೂರನೆಯದು ಕುಂಬಾರ ಹುಳ. ಶೆಡ್ಡಿನಲ್ಲಿಟ್ಟ ಎಂಜಿನ್ನಿನ ಯಾವ ತೂತೂ ಅದಕ್ಕೆ ಮನೆಯೇ. ಬಾಯಿಗೊಂದು ಬಟ್ಟೆ ಕಟ್ಟದಿದ್ದರೆ ಸೆಪ್ಟೆಂಬರಿನ ಹೊತ್ತಿಗೆ ಒಳಗೆ ಮಣ್ಣಿನ ಗೂಡು. ಇದನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ತಂದೆ ತಾಯಿಗಳಿಗೆ

ಪೆಟ್ರೋಲು ಆಟದ ವಸ್ತುವಲ್ಲ. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟೀತು. ಎಂಜಿನ್ ಓಡಿಸುವುದು ಬಯಲಿನಲ್ಲಿ, ದೊಡ್ಡವರ ಎದುರಿಗೆ, ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಾತ್ರ. ಕೊಳವೆಯಿಂದ ಪೆಟ್ರೋಲನ್ನು ಬಾಯಲ್ಲಿ ಎಳೆಯುವ ಹಳೆಯ ಚಾಳಿ ಬೇಡ. ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿ ವಿಷಾನಿಲವಿರುವುದರಿಂದ ಮುಚ್ಚಿದ ಕೋಣೆಯಲ್ಲಿ ಒಂದು ನಿಮಿಷವೂ ಓಡಿಸಬಾರದು.

ಇಷ್ಟು ಎಚ್ಚರವಿದ್ದರೆ ಹೆದರಬೇಕಾದ್ದಿಲ್ಲ. ‘ಓದುವ ಹೊತ್ತಿನಲ್ಲಿ ಮೈಗೆಲ್ಲ ಗ್ರೀಸು’ ಎಂಬ ದೂರಿಗೆ ಮಾತ್ರ ಒಂದು ಉತ್ತರವುಂಟು. ಇಂಗ್ಲೆಂಡಿನ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಹುಡುಗಿ ಮೋಟಾರ್‌ಸೈಕಲ್ಲಿನ ಗ್ರೀಸಿನಲ್ಲೇ ಬೆಳೆದು ಎಂಜಿನಿಯರ್ ಆದವಳು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ತಲೆ ಕೆಳಗೆ ಮಾಡಿ ಧುಮುಕಿದ ಕೂಡಲೇ ಅವುಗಳ ಎಂಜಿನ್ ತಡವರಿಸುತ್ತಿತ್ತು. ಕಾರ್ಬ್ಯುರೇಟರಿನ ಬಟ್ಟಲಿನ ಪೆಟ್ರೋಲು ಮೇಲಕ್ಕೆ ಚಿಮ್ಮಿ ಮೊದಲು ಬರ, ಮತ್ತೆ ಪ್ರವಾಹ. ಇಂಧನವನ್ನು ನೇರ ಸಿಂಪಡಿಸುತ್ತಿದ್ದ ಜರ್ಮನ್ ವಿಮಾನಗಳು ಅಷ್ಟರಲ್ಲಿ ಪಾರು. 1941ರಲ್ಲಿ ಶಿಲ್ಲಿಂಗ್ ಸೂಚಿಸಿದ ಪರಿಹಾರ, ತೂತಿರುವ ಒಂದು ಪುಟ್ಟ ಹಿತ್ತಾಳೆಯ ಬಿಲ್ಲೆ. ಎಂಜಿನ್ನಿಗೆ ಬೇಕಾದ ಗರಿಷ್ಠ ಇಂಧನವಷ್ಟೇ ಅದರಲ್ಲಿ ಹಾಯಬಲ್ಲುದು, ಪ್ರವಾಹ ಬರಲಾರದು. ಸಾವಿರಾರು ಪೈಲಟ್‌ಗಳ ಜೀವ ಆ ತೂತಿನ ಅಳತೆಯ ಮೇಲೆ ನಿಂತಿತ್ತು.

ಇಷ್ಟಕ್ಕೂ ಕಾರ್ಬ್ಯುರೇಟರಿನ ಕಾಲ ಮುಗಿಯುತ್ತ ಬಂದಿದೆ. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ಮಿತಿ ಜಾರಿಗೆ ಬಂದ ಮೇಲೆ ದೇಶದ ಬಹುತೇಕ ಹೊಸ ದ್ವಿಚಕ್ರ ವಾಹನಗಳಲ್ಲಿ ಅದರ ಜಾಗಕ್ಕೆ ಕಂಪ್ಯೂಟರ್ ಆಳುವ ಇಂಜೆಕ್ಟರ್ ಬಂತು. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ಊದಲಾಗದು. ಕಾರ್ಬ್ಯುರೇಟರ್ ಉಳಿದಿರುವುದು ಹಳೆಯ ಬೈಕುಗಳಲ್ಲಿ, ತೋಟದ ಸಣ್ಣ ಎಂಜಿನ್ನುಗಳಲ್ಲಿ, ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಹಾರಿಸುವ ಮಾದರಿ ವಿಮಾನಗಳ ಎಂಜಿನ್ನುಗಳಲ್ಲಿ. ಕೊನೆಯದರಲ್ಲಿ ಸುಡುವುದು ಹೆಚ್ಚಾಗಿ ಮೆಥನಾಲ್. ಸೂಜಿ ತಿರುಗಿಸಿ ಕಿವಿಗೊಡುವ ಕ್ರಮ ಮಾತ್ರ ಅದೇ. ಹಾಗೆ ನೋಡಿದರೆ ಇಂಜೆಕ್ಟರಿನ ಕಂಪ್ಯೂಟರ್ ಮಾಡುವುದೂ ಈ ಲೇಖನದ ಲೆಕ್ಕವನ್ನೇ: ಇಷ್ಟು ಗಾಳಿ ಬಂತು, ಇಷ್ಟು ಪೆಟ್ರೋಲು ಕೊಡು.

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗುವ ಮಕ್ಕಳು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಂಜಿನ್ ವಿಭಾಗವನ್ನು ತಪ್ಪದೆ ನೋಡಬೇಕು. 1962ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದ ಈ ಸಂಗ್ರಹಾಲಯದಲ್ಲಿ ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಇದೆ. ನಿಜವಾದ ವಿಮಾನಕ್ಕೆ ಎಂಜಿನ್ ಮಾಡಿಕೊಟ್ಟವನು ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲ್ಸ್ ಟೇಲರ್, ಸುಮಾರು ಆರೇ ವಾರಗಳಲ್ಲಿ. ಆ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಎಲ್ಲಿತ್ತೆಂದು ಮಾತ್ರ ಹುಡುಕಬೇಕಾಗಿಲ್ಲ. ಟೇಲರ್ ಅದನ್ನು ಹಾಕಿಯೇ ಇರಲಿಲ್ಲ. ಮೇಲಿನ ಟ್ಯಾಂಕಿನಿಂದ ಇಳಿದ ಪೆಟ್ರೋಲು ಬಿಸಿಯಾದ ಲೋಹದ ತಟ್ಟೆಯೊಂದರ ಮೇಲೆ ತೊಟ್ಟಿಕ್ಕಿ ಆವಿಯಾಗುತ್ತಿತ್ತು, ಅಷ್ಟೆ.